ಗಾಳಿಯನ್ನು ಹಿಡಿಯುವುದು, ಗಾಳಿಯನ್ನು ಬಿಡುವುದು

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಕಣದಲ್ಲಿ ನಿಂತ ಒಕ್ಕಲಿಗನ ಗಾದೆ. ಕಡಲತಡಿಯವನ ಲೆಕ್ಕವೇ ಬೇರೆ. ಅವನಿಗೆ ಗಾಳಿಯೆಂದರೆ ಜೊಳ್ಳನ್ನು ಹಾರಿಸಿಕೊಟ್ಟು ಹೊರಟುಹೋಗುವ ನೆಂಟನಲ್ಲ. ಹಗ್ಗದ ಇನ್ನೊಂದು ತುದಿಯನ್ನು ಹಿಡಿದು ನಿಂತ ಜಟ್ಟಿ. ಈ ತುದಿಯವನು ಎಷ್ಟು ಎಳೆಯಬೇಕು, ಎಷ್ಟು ಸಡಿಲಿಸಬೇಕು, ಯಾವ ಗಳಿಗೆಯಲ್ಲಿ ಹಗ್ಗವನ್ನೇ ಬಿಟ್ಟುಬಿಡಬೇಕು ಎಂಬುದರ ಮೇಲೆ ಅವನ ಹೊಟ್ಟೆಪಾಡು ನಿಂತಿತ್ತು; ಪ್ರಾಣವೂ ನಿಂತಿತ್ತು.

ಈಗ್ಗೆ ಮೂವತ್ತು ವರ್ಷಗಳಿಂದೀಚೆಗೆ ಪ್ರಪಂಚದ ಕಡಲತೀರಗಳಲ್ಲೆಲ್ಲ ಹಬ್ಬಿರುವ ಕೈಟ್‌ಸರ್ಫಿಂಗ್ ಎಂಬ ಆಟ ಈ ಹಳೆಯ ಹಗ್ಗಜಗ್ಗಾಟದ ಹೊಸ ಅಧ್ಯಾಯ. ಕಾಲಿಗೆ ಒಂದು ಹಲಗೆ. ಸೊಂಟಕ್ಕೆ ಕೊಕ್ಕೆಯುಳ್ಳ ಅಗಲವಾದ ಪಟ್ಟಿ. ಕೈಯಲ್ಲಿ ಒಂದು ಅಡ್ಡಗೋಲು. ಆ ಗೋಲಿನಿಂದ ಇಪ್ಪತ್ತು ಇಪ್ಪತ್ತೈದು ಮೀಟರು ದೂರಕ್ಕೆ ಹೋದ ನಾಲ್ಕು ದಾರಗಳು. ಅವುಗಳ ತುದಿಯಲ್ಲಿ ಒಂದು ಸಣ್ಣ ಕೋಣೆಯ ನೆಲದಷ್ಟು ವಿಸ್ತಾರದ ಗಾಳಿಪಟ. ಪಟ ಎಳೆಯುತ್ತದೆ, ಹಲಗೆ ನೀರಿನ ಮೇಲೆ ಜಾರುತ್ತದೆ, ಆಟಗಾರ ತೆರೆಯನ್ನು ಸೀಳಿಕೊಂಡು ಓಡುತ್ತಾನೆ. ಇಷ್ಟಾದರೆ ಸವಾರಿ. ಇದರ ಮೇಲೆ ಗಾಳಿಯಲ್ಲಿ ಜಿಗಿದು, ಪಲ್ಟಿ ಹೊಡೆದು, ಗೋಲನ್ನು ಬೆನ್ನ ಹಿಂದಿನಿಂದ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿ ಮತ್ತೆ ನೀರಿಗೆ ಇಳಿಯುವ ಚಮತ್ಕಾರಗಳಿಗೆ ಫ್ರೀಸ್ಟೈಲ್ ಎಂದು ಹೆಸರು. ಚಿತ್ರಗಳಲ್ಲಿ ನೋಡಿದವರು ಇದೇನೋ ನಿನ್ನೆ ಮೊನ್ನೆ ಹುಟ್ಟಿದ ಹುಡುಗಾಟವೆಂದು ಪುಟ ತಿರುವಿಬಿಡುತ್ತಾರೆ. ಆದರೆ ಇದರ ಹಿಂದೆ ಇನ್ನೂರು ವರ್ಷಗಳಿಗೆ ಮೀರಿದ ಪ್ರಯೋಗಗಳ ಕಥೆಯುಂಟು. ಅದನ್ನು ಬರೆದವರು ಸಾಮಾನ್ಯವಾಗಿ ಮನುಷ್ಯನು ಗಾಳಿಯನ್ನು ಹೇಗೆ ಹಿಡಿದ ಎಂದು ವರ್ಣಿಸುತ್ತಾರೆ. ನನಗೆ ಕಾಣುವಂತೆ ಕಥೆಯ ತಿರುಳು ಅದಲ್ಲ. ಹಿಡಿಯುವುದು ಬಹುಬೇಗ ಬಂತು. ಬಿಡುವುದನ್ನು ಕಲಿಯಲು ಕಾಲ ಹಿಡಿಯಿತು, ಜೀವಗಳೂ ಹೋದವು.

ಕನ್ನಡ ಪಾಠ ಹೇಳುವವನಿಗೆ ಮಾತಿನ ಬುಡ ಕೆದಕುವ ಚಟ, ಓದುಗರು ಕ್ಷಮಿಸಬೇಕು. ತಮಿಳಿನಲ್ಲಿ ‘ಪಾಯ್’ ಎಂದರೆ ಚಾಪೆಯೂ ಹೌದು, ಹಡಗಿನ ಹಾಯಿಯೂ ಹೌದು. ಮೊದಮೊದಲ ಹಾಯಿಗಳು ಹೆಣೆದ ಚಾಪೆಗಳೇ ಆಗಿದ್ದಿರಬೇಕು. ನಮ್ಮಲ್ಲಿ ಪಕಾರ ಹಕಾರವಾದಾಗ ‘ಹಾಲು’, ‘ಹೂವು’ಗಳಂತೆ ಇದೂ ‘ಹಾಯಿ’ಯಾಯಿತು. ಇನ್ನು ‘ಪಟ’ವೆಂದರೆ ಬಟ್ಟೆ, ಗಾಳಿಪಟವೆಂದರೆ ಗಾಳಿಯ ಬಟ್ಟೆ. ಹಾಗೆ ನೋಡಿದರೆ ಹಾಯಿಗೂ ಗಾಳಿಪಟಕ್ಕೂ ನಡುವೆ ಇರುವ ವ್ಯತ್ಯಾಸ ಒಂದು ಕಂಬದ್ದು ಮಾತ್ರ. ಕಂಬಕ್ಕೆ ಕಟ್ಟಿದರೆ ಹಾಯಿ, ದಾರಕ್ಕೆ ಕಟ್ಟಿದರೆ ಗಾಳಿಪಟ. ಕೈಟ್‌ಸರ್ಫಿಂಗ್ ಮಾಡಿದ್ದು ಇಷ್ಟೇ: ಕಂಬವನ್ನು ಕಿತ್ತುಹಾಕಿ ಆ ಜಾಗದಲ್ಲಿ ಮನುಷ್ಯನ ಸೊಂಟವನ್ನು ಇಟ್ಟಿತು.

ಹಾಯಿಯ ವಿದ್ಯೆಯಲ್ಲಿ ನಮ್ಮ ಮಂಗಳೂರು ಯಾರಿಗೂ ಬಿಟ್ಟುಕೊಡುವ ಊರಲ್ಲ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಉತ್ತರ ಆಫ್ರಿಕದಿಂದ ಏಡನ್ ಮಾರ್ಗವಾಗಿ ಇಲ್ಲಿಗೆ ಬಂದು, 1132ರ ಹೊತ್ತಿನಿಂದ 1149ರವರೆಗೆ ಇಲ್ಲಿಯೇ ನೆಲಸಿ ಮೆಣಸು, ಏಲಕ್ಕಿ, ಅಡಿಕೆಯ ವ್ಯಾಪಾರ ನಡೆಸಿದ. ಅವನ ಪತ್ರವ್ಯವಹಾರ ಕೈರೋ ನಗರದ ಹಳೆಯ ಪ್ರಾರ್ಥನಾಮಂದಿರದ ಕಾಗದದ ರಾಶಿಯಲ್ಲಿ ಸಿಕ್ಕಿತು. ಆ ವ್ಯಾಪಾರಕ್ಕೆಲ್ಲ ಯಜಮಾನ ಗಾಳಿಯೇ. ಮುಂಗಾರಿನ ಬಾಲದಲ್ಲಿ ಏಡನ್ನಿನಿಂದ ಹಡಗು ಈ ಕಡೆಗೆ ಬರಬೇಕು. ಚಳಿಗಾಲದ ಈಶಾನ್ಯದ ಗಾಳಿಗೆ ಹಿಂತಿರುಗಬೇಕು. ಅದು ತಪ್ಪಿದರೆ ಸರಕೂ ಕಾಯಬೇಕು, ಸಾಲಗಾರನೂ ಕಾಯಬೇಕು. ಅದಾಗಿ ಏಳು ಶತಮಾನಗಳ ಮೇಲೆ, 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗಲೂ ಹೆಂಚನ್ನು ದೂರದ ಬಂದರುಗಳಿಗೆ ಹೊತ್ತದ್ದು ಬಹುಮಟ್ಟಿಗೆ ಹಾಯಿಹಡಗುಗಳೇ. ಹಳೆಯ ಬಂದರಿನಲ್ಲಿ ಪತ್ತೇಮಾರಿಗಳೂ ಮಂಜಿಗಳೂ ಸಾಲುಗಟ್ಟಿ ನಿಲ್ಲುತ್ತಿದ್ದವು.

ಆ ಮುಕ್ಕೋನೆ ಹಾಯಿಯ ಗುಟ್ಟನ್ನು ಇಲ್ಲಿ ಹೇಳಿಬಿಡಬೇಕು, ಮುಂದಿನ ಕಥೆಗೆ ಅದು ಬೇಕು. ಬಿರುಗಾಳಿ ಹೊಡೆದಾಗ ಹಾಯಿಯನ್ನು ಇನ್ನೂ ಬಿಗಿಯಾಗಿ ಹಿಡಿದವನ ದೋಣಿ ಮಗುಚುತ್ತದೆ. ಹಗ್ಗ ಸಡಿಲಿಸಿ ಗಾಳಿಯನ್ನು ಸೋರಿಹೋಗಲು ಬಿಟ್ಟವನ ದೋಣಿ ನೆಟ್ಟಗೆ ನಿಲ್ಲುತ್ತದೆ. ಹಗ್ಗ ಯಾವಾಗಲೂ ಬಿಚ್ಚಲು ಬರುವಂತೆ ಇರಬೇಕು. ಬಿಚ್ಚಲಾರದ ಗಂಟು ಹಾಕುವವನಿಗೆ ಹಾಯಿಯ ಬಳಿ ಕೆಲಸವಿಲ್ಲ. ಕಂಬ, ದೋಣಿ, ಹಗ್ಗ, ಹಾಯಿ ಇವೆಲ್ಲ ಇದ್ದ ಕಾಲದ ಈ ಸರಳ ನಿಯಮವನ್ನು ಗಾಳಿಪಟದ ಸಾಹಸಿಗಳು ಮರೆತದ್ದೇ ಸೋಜಿಗ.

ಈ ಸಾಹಸಿಗಳ ಸಾಲಿನಲ್ಲಿ ಮೊದಲು ನೆನೆಯಬೇಕಾದವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಮಿಂಚನ್ನು ಗಾಳಿಪಟದಿಂದ ಇಳಿಸಿದವನೆಂದು ಶಾಲೆಯ ಮಕ್ಕಳಿಗೂ ಅವನ ಹೆಸರು ಗೊತ್ತು. ಆದರೆ ಅದಕ್ಕೂ ಮೊದಲು, ಬಾಸ್ಟನ್ನಿನಲ್ಲಿ ಹುಡುಗನಾಗಿದ್ದಾಗ, ಅವನು ಒಂದು ಕೊಳದಲ್ಲಿ ಅಂಗಾತ ತೇಲುತ್ತ, ಗಾಳಿಪಟದ ದಾರ ಕಟ್ಟಿದ ಕೋಲನ್ನು ಕೈಯಲ್ಲಿ ಹಿಡಿದು, ಕೈಕಾಲು ಬಡಿಯದೆ ಆಚೆ ದಡ ಸೇರಿದ್ದ. ಬಟ್ಟೆಗಳನ್ನು ಹೊತ್ತುಕೊಂಡು ಗೆಳೆಯನೊಬ್ಬ ದಡದ ಮೇಲಿನಿಂದ ಸುತ್ತಿ ಬಂದಿದ್ದನಂತೆ. ಮುಪ್ಪಿನಲ್ಲಿ ಫ್ರಾನ್ಸಿನ ಸ್ನೇಹಿತನಿಗೆ ಇದನ್ನು ಬರೆಯುತ್ತ, ಡೋವರಿನಿಂದ ಕ್ಯಾಲೆಗೆ ಹೀಗೆಯೇ ದಾಟುವುದು ಅಸಾಧ್ಯವೇನಲ್ಲ, ಆದರೂ ಟಪಾಲು ಹಡಗೇ ವಾಸಿ ಎಂದು ತಮಾಷೆ ಮಾಡಿದ. ಆ ತಮಾಷೆ ನಿಜವಾಗಲು ನೂರಮೂವತ್ತು ವರ್ಷ ಬೇಕಾಯಿತು. 1903ರ ನವೆಂಬರಿನಲ್ಲಿ ಸ್ಯಾಮ್ಯುಯೆಲ್ ಕೋಡಿ ಎಂಬವನು ಪುಟ್ಟ ದೋಣಿಯೊಂದಕ್ಕೆ ಗಾಳಿಪಟ ಕಟ್ಟಿ ಕ್ಯಾಲೆಯಿಂದ ಡೋವರಿಗೆ ದಾಟಿದ. ದಿಕ್ಕು ಮಾತ್ರ ತಿರುಗುಮುರುಗು.

ಇವರಿಬ್ಬರ ನಡುವೆ ಬರುವ ಮನುಷ್ಯ ನನಗೆ ಇಬ್ಬರಿಗಿಂತಲೂ ಪ್ರಿಯ, ವೃತ್ತಿಬಂಧುವೆಂಬ ಅಭಿಮಾನವಿರಬಹುದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಶಾಲಾಮಾಸ್ತರ ಜಾರ್ಜ್ ಪೋಕಾಕ್ 1826ರಲ್ಲಿ ಗಾಳಿಪಟ ಎಳೆಯುವ ಗಾಡಿಯೊಂದಕ್ಕೆ ಸರಕಾರದಿಂದ ಹಕ್ಕುಪತ್ರ ಪಡೆದ. ಆಗ ಅಲ್ಲಿಯ ರಸ್ತೆಗಳಲ್ಲಿ ಸುಂಕವನ್ನು ಕುದುರೆಗಳ ಲೆಕ್ಕದ ಮೇಲೆ ವಸೂಲು ಮಾಡುತ್ತಿದ್ದರು. ಮಾಸ್ತರ ಗಾಡಿಗೆ ಕುದುರೆಯೇ ಇಲ್ಲ. ಸುಂಕದ ಕಟ್ಟೆಯವನು ಏನು ಮಾಡಿಯಾನು! ಪೋಕಾಕ್ ತನ್ನ ಮಗಳು ಮಾರ್ಥಾಳನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಗಾಳಿಪಟದಿಂದ ಸುಮಾರು 270 ಅಡಿ ಎತ್ತರಕ್ಕೆ ಏರಿಸಿ ಇಳಿಸಿದ್ದನಂತೆ. ಆ ಹುಡುಗಿಯೇ ಮುಂದೆ ಕ್ರಿಕೆಟ್ಟಿನ ಭೀಷ್ಮ ಡಬ್ಲ್ಯು. ಜಿ. ಗ್ರೇಸನ ತಾಯಿಯಾದಳು. ಇವೆಲ್ಲ ರಸವತ್ತಾದ ಸಂಗತಿಗಳು. ಆದರೆ ನಮ್ಮ ಕಥೆಗೆ ಮುಖ್ಯವಾದದ್ದು ಬೇರೊಂದು: ಪೋಕಾಕನು ಪಟಕ್ಕೆ ಒಂದು ದಾರ ಕಟ್ಟದೆ ನಾಲ್ಕು ಕಟ್ಟಿದ. ಒಂದೇ ದಾರದ ಪಟ ಎಳೆಯುತ್ತದೆ, ಅಷ್ಟೆ. ನಾಲ್ಕು ದಾರದ ಪಟವನ್ನು ತಿರುಗಿಸಬಹುದು. ಹಿಂದಿನ ದಾರಗಳನ್ನು ಸಡಿಲಿಸಿ ಪಟದ ಮುಖವನ್ನು ಓರೆ ಮಾಡಿ ಎಳೆತವನ್ನು ಕಡಿಮೆಯೂ ಮಾಡಬಹುದು. ಬಿಡುವ ವಿದ್ಯೆಯ ಮೊದಲ ಪಾಠ ಇದು. ಮಾಸ್ತರ ಪಾಠಕ್ಕೆ ಶಿಷ್ಯರು ಸಿಕ್ಕಲಿಲ್ಲ. ಬೇಗನೆ ರೈಲು ಬಂತು, ಲೋಕ ಹಬೆಯ ಹಿಂದೆ ಹೋಯಿತು.

ನಮ್ಮ ಕಡೆಯೂ ಹಾಗೆಯೇ ಆಯಿತಲ್ಲವೆ? ಯಂತ್ರದ ದೋಣಿಗಳು ಬಂದವು, ಹಾಯಿ ಇಳಿಯಿತು. ಹಾಯಿ ಇಳಿದ ಮೇಲೆ ಅದರ ವಿದ್ಯೆಯನ್ನು ಹೊಟ್ಟೆಪಾಡಿಗೆಂದು ಕಲಿಯುವವರು ಕಡಿಮೆಯಾದರು. ಅದು ಉಳ್ಳವರ ವಿಹಾರವಾಗಿ ಇನ್ನೊಂದು ಬಾಗಿಲಿನಿಂದ ಒಳಗೆ ಬಂತು. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ತೆರೆಹಲಗೆಗೆ ಹಾಯಿ ಸಿಕ್ಕಿಸುವ ವಿಂಡ್‌ಸರ್ಫಿಂಗ್ ಹುಟ್ಟಿತು. ಅದರಲ್ಲಿ 1976ರಲ್ಲಿ, ಹದಿಮೂರನೆಯ ವಯಸ್ಸಿನಲ್ಲೇ, ವಿಶ್ವವಿಜೇತನಾದ ಹವಾಯಿಯ ರಾಬಿ ನೇಶ್ ಮುಂದೆ ಕೈಟ್‌ಸರ್ಫಿಂಗಿನ ದೊಡ್ಡ ಪ್ರಚಾರಕನೂ ಆದ.

ಈಗ ನಾವು ಫ್ರಾನ್ಸಿನ ಬ್ರಿಟನಿ ತೀರಕ್ಕೆ ಹೋಗಬೇಕು. ಅಲ್ಲಿಯ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯು ಎಂಬ ಅಣ್ಣತಮ್ಮಂದಿರನ್ನು ಕಾಡಿದ ಪ್ರಶ್ನೆ ಬಹಳ ಸಾಮಾನ್ಯವಾದದ್ದು: ನೀರಿಗೆ ಬಿದ್ದ ಗಾಳಿಪಟ ಮತ್ತೆ ಏಳುವುದು ಹೇಗೆ? ನೆಲದ ಮೇಲೆ ಬಿದ್ದರೆ ಹುಡುಗರು ಓಡಿಹೋಗಿ ಎತ್ತಿ ಹಾರಿಸುತ್ತಾರೆ. ನೀರಿಗೆ ಬಿದ್ದದ್ದು ಒದ್ದೆ ಬಟ್ಟೆ. ಅಣ್ಣತಮ್ಮಂದಿರು ಪಟದ ಮುಂಗಟ್ಟಿಗೂ ಅಡ್ಡಪಟ್ಟಿಗಳಿಗೂ ಗಾಳಿ ತುಂಬಿದ ಕೊಳವೆಗಳನ್ನು ಹೊಲಿದರು. ಪಟ ಮುಳುಗದೆ ತೇಲಿತು. ದಾರ ಎಳೆದರೆ ತಾನಾಗಿ ನೀರಿನಿಂದ ಎದ್ದಿತು. 1984ರ ನವೆಂಬರಿನಲ್ಲಿ ಅವರು ಹಕ್ಕುಪತ್ರಕ್ಕೆ ಅರ್ಜಿ ಹಾಕಿದರು. ಅನಂತರ ಹತ್ತು ವರ್ಷಗಳಿಗೂ ಮಿಕ್ಕಿ ಅದನ್ನು ಕೊಳ್ಳುವವರು ಸಿಕ್ಕಲಿಲ್ಲ. ವಿಂಡ್‌ಸರ್ಫಿಂಗಿನ ಭರಾಟೆಯಲ್ಲಿ ಗಾಳಿಪಟ ಮಕ್ಕಳಾಟವೆನಿಸಿತು. ಅಮೆರಿಕದ ಬಿಲ್ ರೋಸೆಲರ್ ಎಂಬ ವಿಮಾನವಿಜ್ಞಾನಿಯೂ ಅವನ ಮಗ ಕೋರಿಯೂ ಅದೇ ಕಾಲದಲ್ಲಿ ಬೇರೆ ದಾರಿ ಹಿಡಿದು, ದಾರ ಸುತ್ತುವ ರಾಟೆಯನ್ನು ಕೈಗೋಲಿಗೇ ಜೋಡಿಸಿ ನೀರಿನ ಮೇಲೆ ಜಾರಿದರು. 1996ರ ಸುಮಾರಿಗೆ ಹವಾಯಿಯ ಮಾವಿ ದ್ವೀಪದಲ್ಲಿ ಲೇರ್ಡ್ ಹ್ಯಾಮಿಲ್ಟನ್, ಮಾನು ಬರ್ತಾಂ ಎಂಬ ತೆರೆಯಾಟದ ಹುಲಿಗಳು ಇದನ್ನು ಕೈಗೆತ್ತಿಕೊಂಡ ಮೇಲೆ ಚಿತ್ರಗಳು ಪತ್ರಿಕೆಗಳಿಗೆ ಏರಿದವು. 1997ರಲ್ಲಿ ಲೆಗೆನ್ಯು ಸೋದರರ ವಿಪಿಕಾ ಪಟಗಳು ಮಾರುಕಟ್ಟೆಯಲ್ಲಿ ಓಡತೊಡಗಿದವು. 1998ರಲ್ಲಿ ಮಾವಿಯಲ್ಲಿ ಮೊದಲ ಪಂದ್ಯವೂ ನಡೆಯಿತು.

ಹಿಡಿಯುವ ವಿದ್ಯೆ ಹೀಗೆ ಪೂರ್ತಿಯಾಯಿತು. ಬಿಡುವ ವಿದ್ಯೆ ಎಲ್ಲಿ?

ಮೊದಮೊದಲು ಆಟಗಾರರು ಗೋಲನ್ನು ತೋಳುಬಲದಿಂದಲೇ ಹಿಡಿಯುತ್ತಿದ್ದರು. ಎಷ್ಟು ಹೊತ್ತು ಹಿಡಿದಾರು? ತೋಳು ಸೋತಿತು. ಆಗ ಗೋಲಿಗೆ ಒಂದು ಕುಣಿಕೆ ಕಟ್ಟಿ, ಅದನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ಉಪಾಯ ಬಂತು. ಗಟ್ಟಿಗರು ಇದನ್ನು ನೋಡಿ ನಕ್ಕರಂತೆ. ಅದಕ್ಕೆ ‘ಚಿಕನ್ ಲೂಪ್’, ಎಂದರೆ ಹೇಡಿಯ ಕುಣಿಕೆ ಎಂಬ ಅಡ್ಡಹೆಸರು ಬಿದ್ದದ್ದು ಹೀಗೆಂದು ಆಟದವರು ಹೇಳುತ್ತಾರೆ. ಹೆಸರು ಹಾಗೆಯೇ ನಿಂತುಹೋಯಿತು. ಇವತ್ತು ಎಂಥ ಶೂರನೂ ಹೇಡಿಯ ಕುಣಿಕೆಯಿಲ್ಲದೆ ನೀರಿಗಿಳಿಯುವುದಿಲ್ಲ. ಆದರೆ ಹಳೆಯ ಮಂಜಿಯವನು ಇದನ್ನು ನೋಡಿದ್ದರೆ ಕೇಳಬಹುದಾದ ಪ್ರಶ್ನೆ ಒಂದಿತ್ತು: ಬಿರುಗಾಳಿ ಬಂದರೆ ಈ ಗಂಟು ಬಿಚ್ಚುವುದು ಹೇಗೆ? ತೋಳಲ್ಲಿ ಹಿಡಿದ ಗೋಲನ್ನು ಕೈ ತೆರೆದರೆ ಬಿಡಬಹುದು. ಸೊಂಟಕ್ಕೆ ಸಿಕ್ಕಿಸಿದ್ದನ್ನು, ಎರಡಾಳಿನ ಎಳೆತದಲ್ಲಿ, ಹೇಗೆ ಬಿಡುವುದು? ದೋಣಿಗೆ ಭಾರವಿತ್ತು, ಅದು ಮಗುಚುತ್ತಿತ್ತು. ಮನುಷ್ಯನಿಗೆ ಆ ಭಾರವೂ ಇಲ್ಲ, ಅವನು ಹಾರಿಹೋಗುತ್ತಾನೆ. 2002ರಲ್ಲಿ ಜರ್ಮನಿಯ ಫೆಹ್ಮಾರ್ನ್ ದ್ವೀಪದಲ್ಲಿ ಸಿಲ್ಕೆ ಗೋರ್ಲ್ಟ್ ಎಂಬ ಹೆಸರಾಂತ ಆಟಗಾರ್ತಿಯನ್ನು ಪಟ ದಡದ ಮೇಲೆ ಎಳೆದೊಯ್ದು ಪ್ರಾಣ ತೆಗೆಯಿತು. ಕಲಿಯುವವಳಲ್ಲ, ಪಳಗಿದವಳು.

ಒಂದು ತಳ್ಳಿಗೆ ಕುಣಿಕೆ ಕಳಚಿಕೊಳ್ಳುವ ಬಿಡುಗೀಲುಗಳ ಮೇಲೆ ತಯಾರಕರು ತಲೆ ಕೆಡಿಸಿಕೊಂಡದ್ದು ಇಂಥ ಸಾವುಗಳ ನೆರಳಿನಲ್ಲಿ. ಕೀಲು ಕಳಚಿದರೂ ಒಂದು ತೆಳು ಹಗ್ಗ ಪಟದ ಒಂದೇ ದಾರಕ್ಕೆ ಅಂಟಿಕೊಂಡಿರುತ್ತದೆ. ಪಟ ಸೂತ್ರ ತಪ್ಪಿ, ಬಾವುಟದಂತೆ ಪಟಪಟಿಸಿ ನೀರಿಗೆ ಒರಗುತ್ತದೆ, ಕಳೆದೂ ಹೋಗುವುದಿಲ್ಲ. 2005ರ ಹೊತ್ತಿಗೆ ಅದೇ ಲೆಗೆನ್ಯು ಸೋದರರು ಬಿಲ್ಲಿನಂತೆ ಚಪ್ಪಟೆಯಾಗಿ ಬಾಗಿದ ಇನ್ನೊಂದು ಬಗೆಯ ಪಟವನ್ನು ತಂದರು. ಗೋಲನ್ನು ತುಸು ಮುಂದಕ್ಕೆ ತಳ್ಳಿದರೆ ಸಾಕು, ಅದರ ಎಳೆತ ಬಹುಮಟ್ಟಿಗೆ ಇಳಿದುಹೋಗುತ್ತದೆ. ಬ್ರಿಸ್ಟಲಿನ ಮಾಸ್ತರು ಹೇಳಿಕೊಟ್ಟ ಪಾಠ ಸುಮಾರು ನೂರೆಂಬತ್ತು ವರ್ಷಗಳ ಮೇಲೆ ಸರಿಯಾಗಿ ತಲೆಗೆ ಹತ್ತಿತು. ಸಾಮಾನ್ಯ ಜನ ಧೈರ್ಯವಾಗಿ ಈ ಆಟಕ್ಕೆ ಬಂದದ್ದು ಆಮೇಲೆ.

ಇಲ್ಲಿಗೆ ಕಥೆ ಸುಖಾಂತವಾಗಬೇಕಿತ್ತು. ಆದರೆ ಚಮತ್ಕಾರದ ಆಟಗಾರರು ಅದನ್ನು ಇನ್ನೊಂದು ಕಡೆಗೆ ತಿರುಗಿಸಿದರು. ಎಲ್ಲರೂ ಕುಣಿಕೆಯ ಆಸರೆಯಲ್ಲಿ ಸುಖವಾಗಿರುವಾಗ ಇವರು ಓಡುತ್ತಿರುವಂತೆಯೇ ಕುಣಿಕೆಯನ್ನು ಕೊಕ್ಕೆಯಿಂದ ಬಿಡಿಸಿ, ಮತ್ತೆ ತೋಳುಬಲದ ಕಾಲಕ್ಕೆ ಹಿಂದಿರುಗಿದರು. ಫ್ರೀಸ್ಟೈಲಿನ ಮೇಲುತರದ ಪಟ್ಟುಗಳೆಲ್ಲ ಶುರುವಾಗುವುದು ಇಲ್ಲಿಂದಲೇ.

ಈ ಪಟ್ಟುಗಳನ್ನು ಕಲಿಯುವ ಕ್ರಮ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಧೀಂಗಿಣ ಕಲಿಯುವ ಕ್ರಮವನ್ನು ನೆನಪಿಗೆ ತರುತ್ತದೆ. ರಂಗದ ಮೇಲೆ ವೇಷಧಾರಿ ಗಾಳಿಯಲ್ಲಿ ಬುಗುರಿಯಂತೆ ಸುತ್ತುವುದನ್ನು ನೋಡಿದ ಹುಡುಗ ಮನೆಯಂಗಳದಲ್ಲಿ ಅದನ್ನೇ ಮೊದಲು ಹಾಕಲು ಹೋಗಿ ಬೀಳುತ್ತಾನೆ. ಗುರುಗಳು ಅವನನ್ನು ಹಿಡಿದು ತಾಳಕ್ಕೆ ಹೆಜ್ಜೆಯಿಂದ ಶುರುಮಾಡಿಸುತ್ತಾರೆ. ಇಲ್ಲಿಯೂ ಹಲಗೆ ಮುಟ್ಟುವ ಮೊದಲು ಪಟವನ್ನು ಆಡಿಸುವುದು, ಹಲಗೆಯಿಲ್ಲದೆ ನೀರಿನಲ್ಲಿ ಮೈಯನ್ನೇ ಎಳೆಸಿಕೊಂಡು ಹೋಗುವುದು, ಆಮೇಲೆ ನಿಲ್ಲುವುದು, ಆಮೇಲೆ ಗಾಳಿಗೆ ಓರೆಯಾಗಿ ಹೊರಟಲ್ಲಿಗೇ ಹಿಂದಿರುಗುವುದು. ಹೊರಟಲ್ಲಿಗೆ ಹಿಂದಿರುಗಲಾರದವನಿಗೆ ಜಿಗಿತ ಹೇಳಿಕೊಡುವ ಗುರು ಗುರುವೇ ಅಲ್ಲ.

ಮೊದಲ ಜಿಗಿತಗಳಲ್ಲಿ ಪಟವೇ ಆಟಗಾರನನ್ನು ಎತ್ತುತ್ತದೆ. ಪಟವನ್ನು ನೆತ್ತಿಯ ಕಡೆಗೆ ತಟ್ಟನೆ ತಿರುಗಿಸಿದರೆ ಅದು ಬುಟ್ಟಿ ಎತ್ತಿದಂತೆ ಮೇಲಕ್ಕೆ ಎತ್ತಿ, ಮೆಲ್ಲಗೆ ಇಳಿಸುತ್ತದೆ. ಈ ಆಸರೆಯಲ್ಲಿ ಹಿಮ್ಮುಖದ ಪಲ್ಟಿಯೂ ಬರುತ್ತದೆ, ಗಾಳಿಯಲ್ಲಿ ಹಲಗೆಯನ್ನು ಕೈಯಿಂದ ಹಿಡಿಯುವುದೂ ಬರುತ್ತದೆ. ನೋಡುವವರಿಗೆ ಇದೇ ದೊಡ್ಡದು. ಆದರೆ ಫ್ರೀಸ್ಟೈಲಿಗೆ ಇದು ಇನ್ನೂ ಹೊಸ್ತಿಲು.

ಒಳಮನೆಗೆ ಹೋಗಬೇಕಾದರೆ ಪಟದ ದಾಕ್ಷಿಣ್ಯ ಬಿಡಬೇಕು. ಪಟವನ್ನು ನೆತ್ತಿಗೆ ತರದೆ ಓರೆಯಲ್ಲಿ ತಗ್ಗಿಸಿಯೇ ಇಟ್ಟು, ವೇಗವಾಗಿ ಓಡುತ್ತ, ಕುಣಿಕೆ ಬಿಡಿಸಿ, ಹಲಗೆಯ ಹಿಮ್ಮಡಿಯ ಅಂಚನ್ನು ನೀರಿಗೆ ಬಲವಾಗಿ ಒತ್ತಬೇಕು. ದಾರಗಳು ಬಿಗಿಯುತ್ತವೆ. ಮರುಗಳಿಗೆಯಲ್ಲಿ ಕಾಲು ನೆಟ್ಟಗೆ ಚಾಚಿದರೆ ಬಗ್ಗಿಸಿದ ಬಿದಿರು ಬಿಟ್ಟಂತೆ ಮೈ ನೀರಿನಿಂದ ಚಿಮ್ಮುತ್ತದೆ. ಎತ್ತಿದ್ದು ಪಟವಲ್ಲ, ನೀರಿನ ಮೇಲಿನ ಒದೆ. ಹಾಗೆ ಚಿಮ್ಮಿದ ಮೈ ಹಿಂದಕ್ಕೆ ಚಾಚಿ, ಹಲಗೆ ತಲೆಗಿಂತ ಮೇಲೆ ಹೋಗಿ, ಸಂಜೀವಿನಿ ತರಲು ಹೊರಟ ಹನುಮಂತನ ಪಟದಂತೆ ಅಡ್ಡಡ್ಡ ಹಾರುವುದಕ್ಕೆ ‘ರೇಲಿ’ ಎಂದು ಹೆಸರು. ಅದಕ್ಕೆ ಒಂದು ಸುತ್ತು ಸೇರಿಸಿದರೆ ಬೇರೊಂದು ಹೆಸರು. ಎಲ್ಲಕ್ಕೂ ಮೇಲಿನದು ಗೋಲು ದಾಟಿಸುವ ಪಟ್ಟು. ಹಾರುವಾಗ ಗೋಲನ್ನು ಸೊಂಟದವರೆಗೆ ಎಳೆದುಕೊಂಡು, ಒಂದು ಕೈ ಬಿಟ್ಟು, ಮೈ ಸುತ್ತುತ್ತಿರುವಂತೆ ಬೆನ್ನ ಹಿಂದೆ ಗೋಲನ್ನು ಇನ್ನೊಂದು ಕೈಗೆ ಒಪ್ಪಿಸಿ ಇಳಿಯಬೇಕು. ಬೆನ್ನ ಹಿಂದೆ ಕಣ್ಣಿಲ್ಲ. ಕೈ ತಪ್ಪಿದರೆ ಗೋಲು ಹಾರಿಹೋಗಿ ಪಟ ಬೀಳುತ್ತದೆ, ಆಟಗಾರ ಬೆನ್ನಿನ ಮೇಲೆ ನೀರಿಗೆ ಬೀಳುತ್ತಾನೆ. ಆ ವೇಗದಲ್ಲಿ ನೀರು ಕಲ್ಲು.

ಇದು ಸಾಧ್ಯವಾಗಬೇಕಾದರೆ ಬೆನ್ನ ಹಿಂದೆ ಗೋಲು ದಾಟುವ ಆ ಅರೆಕ್ಷಣದಲ್ಲಿ ದಾರಗಳು ಸಡಿಲವಾಗಿರಬೇಕು. ಬಿಗಿದ ದಾರದ ಗೋಲನ್ನು ಯಾವ ತೋಳೂ ಬೆನ್ನಿಗೆ ಸುತ್ತಲಾರದು. ಆದ್ದರಿಂದ ಸಾಮಾನ್ಯರಿಗೆ ವರವಾದ 2005ರ ಚಪ್ಪಟೆ ಪಟವನ್ನು ಫ್ರೀಸ್ಟೈಲಿನವರು ಬೇಡವೆಂದರು. ಆಳವಾಗಿ ಬಾಗಿದ ಹಳೆಯ ಕಮಾನಿನಾಕಾರದ ಪಟವನ್ನೇ ಉಳಿಸಿಕೊಂಡರು. ಅದು ಎಳೆಯುವಾಗ ಒರಟಾಗಿ ಎಳೆಯುತ್ತದೆ. ಆದರೆ ಚಿಮ್ಮಿದ ಮೇಲೆ ದಾರವನ್ನು ಸಡಿಲ ಬಿಡುತ್ತದೆ. ಒಬ್ಬರಿಗೆ ಬಿಡುವುದೆಂದರೆ ಅಪಾಯದಿಂದ ಪಾರಾಗುವುದು. ಇನ್ನೊಬ್ಬರಿಗೆ ಅಪಾಯದ ನಡುವೆ ಕೈ ಆಡಿಸಲು ತುಸು ಜಾಗ. ಎರಡೂ ಒಂದೇ ಬೇರಿನವು.

ಕಲಿಯುವವರು ಈ ಪಟ್ಟನ್ನು ನೀರಿನಲ್ಲಿ ಕಲಿಯುವುದಕ್ಕಿಂತ ಹೆಚ್ಚು ನೆಲದ ಮೇಲೆ ಕಲಿಯುತ್ತಾರೆ. ಮರದ ಕೊಂಬೆಗೆ ಹಗ್ಗ ಕಟ್ಟಿ, ಅದರ ತುದಿಗೆ ಗೋಲು ಕಟ್ಟಿ, ಜಿಗಿದು ಸುತ್ತಿ ಗೋಲನ್ನು ಬೆನ್ನ ಹಿಂದೆ ದಾಟಿಸುವುದು. ನೂರು ಸಲ, ಇನ್ನೂರು ಸಲ. ಕೈಗೆ ದಾರಿ ಗೊತ್ತಾದ ಮೇಲೆ ಮನಸ್ಸು ಅಡ್ಡಬರುವುದಿಲ್ಲ. ಮರವೇನೋ ನಮ್ಮ ತೀರದಲ್ಲಿ ಬೇಕಾದಷ್ಟಿದೆ, ಹೆಸರೂ ಗಾಳಿಮರವೆಂದೇ! ಆದರೆ ಪಟ ಹಾರಿಸುವಾಗ ಆ ಗಾಳಿಮರದ ತೋಪೇ ವೈರಿ. ದಾರ ಸಿಕ್ಕಿಕೊಂಡರೆ ಮುಗಿಯಿತು.

ವಯಸ್ಸು ಈ ಆಟದಲ್ಲಿ ವಿಚಿತ್ರವಾಗಿ ಕೆಲಸ ಮಾಡುತ್ತದೆ. ಸ್ಪೇನಿನ ಗಿಸೆಲಾ ಪುಲಿದೊ 2004ರಲ್ಲಿ ಮೊದಲ ಸಲ ವಿಶ್ವವಿಜೇತಳಾದಾಗ ಅವಳಿಗೆ ಹತ್ತು ವರ್ಷ. ತೋಳುಬಲವೇ ಎಲ್ಲವಾಗಿದ್ದರೆ ಹತ್ತು ವರ್ಷದ ಹುಡುಗಿ ಗೆಲ್ಲುತ್ತಿರಲಿಲ್ಲ. ಒಲಿಂಪಿಕ್ಸಿನವರಂತೂ ಚಮತ್ಕಾರವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. 2024ರ ಪ್ಯಾರಿಸ್ ಕೂಟದಲ್ಲಿ, ಮಾರ್ಸೇಲ್ ಬಂದರಿನ ಬಳಿ, ಗಾಳಿಪಟದ ಹಲಗೆಗೆ ಮೊದಲ ಸಲ ಪದಕ ಕೊಟ್ಟರು, ಅದು ಓಟಕ್ಕೆ. ಬ್ರಿಟನ್ನಿನ ಎಲಿ ಆಲ್ಡ್ರಿಜ್, ಆಸ್ಟ್ರಿಯಾದ ವ್ಯಾಲೆಂಟಿನ್ ಬೊಂಟುಸ್ ಚಿನ್ನ ಗೆದ್ದರು. ಓಟಕ್ಕೆ ಗಡಿಯಾರ ಸಾಕು, ಪಟ್ಟಿಗೆ ರಸಿಕರಾದ ತೀರ್ಪುಗಾರರು ಬೇಕು ಎಂಬ ಕಷ್ಟ ನನಗೂ ತಿಳಿಯುತ್ತದೆ. ಆದರೂ ಜಿಮ್ನಾಸ್ಟಿಕ್ಸಿಗೆ ಕೊಟ್ಟ ಮಣೆಯನ್ನು ಇದಕ್ಕೆ ಕೊಡದಿದ್ದುದು ನ್ಯಾಯವಲ್ಲ.

ನಮ್ಮ ದೇಶದಲ್ಲಿ ಈ ಆಟ ಬೇರೂರಿದ್ದು ಮುಖ್ಯವಾಗಿ ತಮಿಳುನಾಡಿನ ರಾಮೇಶ್ವರ, ತೂತುಕುಡಿಗಳ ಕಡೆ. ಅಲ್ಲಿ ಸೊಂಟದುದ್ದದ ಶಾಂತವಾದ ನೀರೂ ಉಂಟು, ನೆಚ್ಚಬಹುದಾದ ಗಾಳಿಯೂ ಉಂಟು. ಮಂಗಳೂರಿನ ಪಾಲಿಗೆ ಬಂದದ್ದು ಈ ಆಟದ ಎರಡು ತುಂಡುಗಳು, ಬೇರೆಬೇರೆಯಾಗಿ. ಹಲಗೆಯ ತುಂಡು ಮೂಲ್ಕಿಗೆ ಬಂತು: ಅಮೆರಿಕದ ಫ್ಲಾರಿಡಾದಿಂದ ಬಂದ ಜಾಕ್ ಹೆಬ್ನರ್ ಎಂಬ ಸಾಧು 2004ರಲ್ಲಿ ಅಲ್ಲಿ ಮಂತ್ರ ಸರ್ಫ್ ಕ್ಲಬ್ ತೆರೆದು ಊರ ಹುಡುಗರನ್ನು ತೆರೆಯ ಮೇಲೆ ನಿಲ್ಲಿಸಿದರು. 2016ರಲ್ಲಿ ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಪಂದ್ಯವೇ ನಡೆಯಿತು. ಪಟದ ತುಂಡು ನಗರದಲ್ಲಿತ್ತು: ಟೀಮ್ ಮಂಗಳೂರು ಎಂಬ ಹವ್ಯಾಸಿಗಳ ತಂಡ ಕಥಕಳಿಯ ಮುಖವನ್ನು ಆಳೆತ್ತರಗಳ ಲೆಕ್ಕದಲ್ಲಿ ಹೊಲಿದು ಹಾರಿಸಿತು, ಪರದೇಶಗಳ ಉತ್ಸವಗಳಿಗೂ ಕೊಂಡೊಯ್ದಿತು. 2018ರಲ್ಲಿ ಪಣಂಬೂರಿನಲ್ಲಿ, 2024ರಲ್ಲಿ ತಣ್ಣೀರುಬಾವಿಯಲ್ಲಿ ಅಂತರರಾಷ್ಟ್ರೀಯ ಗಾಳಿಪಟ ಉತ್ಸವಗಳಾದವು. ಮೂಲ್ಕಿಗೂ ಪಣಂಬೂರಿಗೂ ನಡುವೆ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿ. ಹಲಗೆಯನ್ನು ಬಲ್ಲವರೂ ಪಟವನ್ನು ಬಲ್ಲವರೂ ಒಂದೇ ಹೆದ್ದಾರಿಯ ಮೇಲಿದ್ದಾರೆ.

ಅವರು ಕೂಡಿದರೆ ಗಾಳಿ ಸಹಕರಿಸುವುದೆ? ಇದಕ್ಕೆ ಉತ್ತರ ಮೀನುಗಾರರ ಪಂಚಾಂಗದಲ್ಲಿದೆ. ಘಟ್ಟದ ಮೇಲಿನವರು ಆಷಾಢದ ಗಾಳಿಗೆ ಪಟ ಹಾರಿಸುತ್ತಾರೆ. ನಾವು ಆಟಿಯಲ್ಲಿ ಆ ಸಾಹಸ ಮಾಡಿದರೆ ಕಾಗದ ಕರಗಿ ಬಾಲಂಗೋಚಿ ಮಾತ್ರ ಕೈಗೆ ಬರುತ್ತದೆ. ಮುಂಗಾರಿನ ಗಾಳಿಗೆ ಬಲವೇನೋ ಉಂಟು, ಆದರೆ ಅದು ಕಡಲಿನಿಂದ ನೇರವಾಗಿ ದಡಕ್ಕೆ ಬೀಸುತ್ತದೆ; ಪಟ ಹಿಡಿದವನನ್ನು ದಡಕ್ಕೆ ಅಪ್ಪಳಿಸುತ್ತದೆ. ಜೂನ್ 1ರಿಂದ ಜುಲೈ ಕೊನೆಯವರೆಗಿನ 61 ದಿನ ಯಂತ್ರದ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಆ ನಿಷೇಧ ಮೀನಿನ ಸಂತಾನಕ್ಕಾಗಿ ಇರಬಹುದು, ಕಡಲಿನ ಆ ದಿನಗಳ ಮುಖ ಆಟಕ್ಕೂ ಒಳ್ಳೆಯದಲ್ಲ. ಮಳೆ ಹೋದ ಮೇಲಿನ ಬೆಳಗಿನ ಹೊತ್ತು ನೆಲದಿಂದ ಕಡಲಿಗೆ ಬೀಸುವ ತಂಗಾಳಿ ಹಾಯಿಯ ಕಾಲದಲ್ಲಿ ದೋಣಿಗಳನ್ನು ಹೊರಕ್ಕೆ ಒಯ್ಯುತ್ತಿತ್ತು. ಹಲಗೆಯವನನ್ನೂ ಅದು ಹಾಗೆಯೇ ಹೊರಕ್ಕೆ ಒಯ್ದುಬಿಟ್ಟೀತು, ತರುವ ಹೊಣೆ ಅದರದ್ದಲ್ಲ. ಉಳಿಯುವುದು ಬೇಸಗೆಯ ಮಧ್ಯಾಹ್ನ. ನೆಲ ಕಾಯುತ್ತದೆ, ಎರಡು ಮೂರು ಗಂಟೆಯ ಹೊತ್ತಿಗೆ ವಾಯವ್ಯದಿಂದ ಗಾಳಿ ಏಳುತ್ತದೆ. ನಮ್ಮ ದಡ ಉತ್ತರದಿಂದ ದಕ್ಷಿಣಕ್ಕೆ ತುಸು ವಾಲಿ ಮಲಗಿರುವುದರಿಂದ ಆ ಗಾಳಿ ದಡಕ್ಕೆ ಓರೆಯಾಗಿ ಸವರುತ್ತದೆ. ಕಡಲಿಗೂ ಒಯ್ಯುವುದಿಲ್ಲ, ಮರಕ್ಕೂ ಬಡಿಯುವುದಿಲ್ಲ. ಬಲ ಸಾಮಾನ್ಯದ್ದು. ಚಮತ್ಕಾರಕ್ಕೆ ಬೇಕಾದ ವೇಗ ಎಲ್ಲ ದಿನವೂ ಸಿಕ್ಕದು; ಕಲಿಯುವವನಿಗೆ ಅಷ್ಟೇ ಬೇಕು, ಅದೇ ಲೇಸು.

ಜಾಗದ ವಿಚಾರದಲ್ಲಿ ನನ್ನ ಮತ ಅಳಿವೆಗಳಿಗೆ. ಪಣಂಬೂರಿನಲ್ಲಿ 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿನ ತಡೆಗೋಡೆಗಳೂ ರಜಾದಿನದ ಜನಜಂಗುಳಿಯೂ ಇರುವಲ್ಲಿ ಇಪ್ಪತ್ತೈದು ಮೀಟರು ದಾರ ಬಿಡುವುದು ಕೊಲೆಗಡುಕತನ. ಶಾಂಭವಿಯ ಅಳಿವೆಯ ಒಳಗೆ ಮರಳದಿಣ್ಣೆ ತೆರೆಯನ್ನು ತಡೆಯುತ್ತದೆ, ನೀರು ಮಟ್ಟಸವಾಗಿರುತ್ತದೆ, ಬಿದ್ದರೆ ಕಾಲಿಗೆ ನೆಲ ಸಿಕ್ಕುವ ಜಾಗಗಳುಂಟು. ಆದರೆ ಅಲ್ಲಿ ಬಲೆ ಬೀಸುವವರಿದ್ದಾರೆ. ನೀರು ಮೊದಲು ಅವರದು. ದೋಣಿ ಬರುವ ದಾರಿ ಯಾವುದು, ಬಲೆ ಬಿಡುವ ಹೊತ್ತು ಯಾವುದು, ಇಳಿತದ ಸೆಳೆತ ಯಾವ ದಿಣ್ಣೆಯ ಮಗ್ಗುಲಲ್ಲಿ ಕಡಲಿಗೆ ಎಳೆಯುತ್ತದೆ ಎಂಬುದನ್ನು ಯಾವ ಬಿಡುಗೀಲಿನ ಕೈಪಿಡಿಯೂ ಹೇಳಿಕೊಡಲಾರದು. ಅಲ್ಲಿಯ ಮೊಗವೀರ ಹಿರಿಯರು ಹೇಳಬಲ್ಲರು. ನೂಲಹುಣ್ಣಿಮೆಯಂದು ತಣ್ಣೀರುಬಾವಿಯಲ್ಲಿ ಕಡಲಿಗೆ ಹಾಲೆರೆದು ಪೂಜೆ ಮಾಡಿ ಕಸುಬಿಗಿಳಿಯುವವರು ಅವರು. ಸಂಜೆ ಐದೂವರೆ ಆರರ ಸುಮಾರಿಗೆ ವಾಯವ್ಯದ ಗಾಳಿ ಇಳಿಯತೊಡಗುತ್ತದೆ. ದೋಣಿಗಳು ಅಳಿವೆಯೊಳಕ್ಕೆ ತಿರುಗುವುದೂ ಅದೇ ಹೊತ್ತಿಗಾದರೆ, ಅಷ್ಟರಲ್ಲಿ ದಾರ ಸುತ್ತಿ, ಪಟದ ಕೊಳವೆಯ ಗಾಳಿ ಬಿಟ್ಟು, ದಾರಿಯಿಂದ ಪಕ್ಕಕ್ಕೆ ಸರಿದಿರಬೇಕು.